ಮದುವೆಗೆ ಹೊರಟ ಒಡವೆ: ಲಾಕರಿನಿಂದ ಛತ್ರಕ್ಕೆ, ಛತ್ರದಿಂದ ಲಾಕರಿಗೆ

ಲಾಕರ್ ಬೆಂಗಳೂರಿನಲ್ಲಿ, ಮದುವೆ ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ. ನಡುವೆ ಒಂದು ರಾತ್ರಿಯ ಪ್ರಯಾಣ, ಎರಡು ಮೂರು ದಿನದ ಛತ್ರದ ವಾಸ, ಮತ್ತೆ ಒಂದು ರಾತ್ರಿಯ ಪ್ರಯಾಣ. ನಮ್ಮಲ್ಲಿ ಹೆಚ್ಚಿನ ಮನೆಗಳ ಚಿನ್ನ ವರ್ಷದಲ್ಲಿ ಹೊರಗೆ ಬರುವುದೇ ಇಂಥ ಸಂದರ್ಭಕ್ಕೆ.

ಬಸ್ಸು ಓಡುತ್ತಿರುವಾಗ, ರೈಲು ಸಾಗುತ್ತಿರುವಾಗ ಕೈ ತಾನಾಗಿಯೇ ಚೀಲದ ಮೇಲಿರುತ್ತದೆ. ಎಡವುವುದು ಹತ್ತುವಾಗ, ಇಳಿಯುವಾಗ, ಊಟಕ್ಕೆ ಎದ್ದಾಗ, "ಅಕ್ಕಾ, ಇದನ್ನ ಒಂದ್ನಿಮಿಷ ಹಿಡ್ಕೋ" ಎಂದು ಚೀಲ ಕೈ ಬದಲಾದಾಗ. ಹಾಗಾಗಿ ಈ ಬರಹದ ಲೆಕ್ಕಾಚಾರವೆಲ್ಲ ಒಂದೇ: ಒಡವೆ ಕೈ ಬದಲಾಗುವ ಗಳಿಗೆಗಳನ್ನು ಎಣಿಸಿ, ಅವನ್ನು ಕಡಿಮೆ ಮಾಡುವುದು.

ಮೊದಲು ಏನು ಒಯ್ಯಬಾರದು ಎಂದು ನಿರ್ಧರಿಸಿ

ಯಾವ ಶಾಸ್ತ್ರಕ್ಕೆ ಯಾವ ಸೀರೆ, ಆ ಸೀರೆಗೆ ಯಾವ ಒಡವೆ ಎಂದು ಬರೆಯಿರಿ. ಅರಿಸಿನ ಶಾಸ್ತ್ರ, ಆರತಕ್ಷತೆ, ಮುಹೂರ್ತ, ಬೀಗರೂಟ. ಹೀಗೆ ಬರೆದಾಗ ಎರಡು ನೆಕ್ಲೇಸು, ಒಂದು ಜೊತೆ ವಂಕಿ ಪಟ್ಟಿಯಲ್ಲಿ ಜಾಗವೇ ಇಲ್ಲದೆ ಉಳಿಯುತ್ತವೆ. ಅವು ಲಾಕರಿನಲ್ಲೇ ಇರಲಿ. "ಯಾವುದಕ್ಕೂ ಇರಲಿ" ಎಂದು ಒಯ್ದ ಒಡವೆಯೇ ಯಾರ ಗಮನಕ್ಕೂ ಬಾರದೆ ಕಾಣೆಯಾಗುವುದು, ಏಕೆಂದರೆ ಅದನ್ನು ಯಾರೂ ಹುಡುಕುವುದಿಲ್ಲ.

ಆರತಕ್ಷತೆಗೆ ಒಂದು ಗ್ರಾಂ ಚಿನ್ನದ ಸೆಟ್ಟು ಹಾಕಿಕೊಳ್ಳುವುದು ಈಗ ಸಾಮಾನ್ಯ. ಆ ಬೆಳಕಿನಲ್ಲಿ, ಆ ಫೋಟೊಗಳಲ್ಲಿ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಕಳ್ಳನಿಗೂ ತಿಳಿಯುವುದಿಲ್ಲ ಎಂಬುದು ನೆನಪಿರಲಿ. ನಕಲಿ ಸರವೆಂದು ಅವನು ಬಿಟ್ಟು ಹೋಗುವುದಿಲ್ಲ, ಎಳೆದರೆ ಕತ್ತು ಗಾಯವಾಗುವುದು ನಿಮ್ಮದೇ. ರಸ್ತೆಯಲ್ಲಿ, ನಿಲ್ದಾಣದಲ್ಲಿ ನಕಲಿಯನ್ನೂ ಹೊರಗೆ ಕಾಣುವಂತೆ ಹಾಕಬೇಡಿ.

ಲಾಕರಿಗೆ ಹೋಗುವ ದಿನ

ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಭಾನುವಾರ ಮುಹೂರ್ತವಿದ್ದರೆ ಒಡವೆ ಶುಕ್ರವಾರವೇ ಮನೆಗೆ ಬರಬೇಕಾಗಬಹುದು, ಸೋಮವಾರ ಹಬ್ಬವಿದ್ದರೆ ಮಂಗಳವಾರದವರೆಗೆ ಮನೆಯಲ್ಲಿರಬೇಕಾಗಬಹುದು. ಕ್ಯಾಲೆಂಡರ್ ಮುಂದಿಟ್ಟುಕೊಂಡು, ಒಡವೆ ಹೊರಗಿರುವ ದಿನಗಳನ್ನು ಆದಷ್ಟು ಚಿಕ್ಕದು ಮಾಡಿ. ಲಾಕರ್ ತೆರೆದ ದಿನವೇ ಬ್ಯಾಂಕು ನೋಂದಾಯಿತ ಮೊಬೈಲಿಗೆ ಸಂದೇಶ ಕಳುಹಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಸಂದೇಶ ಅಳಿಸಬೇಡಿ, ಎಂದು ತೆಗೆದಿರಿ ಎಂಬುದಕ್ಕೆ ಅದೊಂದು ದಾಖಲೆ.

ಇಬ್ಬರು ಹೋಗಿ. ಬ್ಯಾಂಕಿನಿಂದ ನೇರ ಮನೆಗೆ ಬನ್ನಿ. ದಾರಿಯಲ್ಲಿ ಹೂವಿನ ಅಂಗಡಿ, ಟೈಲರ್ ಅಂಗಡಿ, ಫಿಲ್ಟರ್ ಕಾಫಿ ಯಾವುದೂ ಬೇಡ. ಬ್ಯಾಂಕಿನ ಹೊರಗೆ ನಿಂತವನು "ಮೇಡಂ, ನಿಮ್ಮ ದುಡ್ಡು ಬಿದ್ದಿದೆ" ಎಂದು ನೆಲದ ನೋಟು ತೋರಿಸುವುದು, ಇಲ್ಲವೇ ಬೆನ್ನಿನ ಮೇಲೆ ಹೊಲಸು ಚೆಲ್ಲಿ "ಏನೋ ಅಂಟಿದೆ ನೋಡಿ" ಎನ್ನುವುದು ಬಹಳ ಹಳೆಯ ತಂತ್ರ. ಹಳೆಯದಾದರೂ ಇನ್ನೂ ನಡೆಯುತ್ತದೆ, ಏಕೆಂದರೆ ಬಗ್ಗಿ ನೋಡುವುದು ಮನುಷ್ಯ ಸಹಜ. ಬಿದ್ದದ್ದು ನಿಜವಾಗಿ ನಿಮ್ಮದೇ ಇರಬಹುದು. ಬಿಟ್ಟುಬಿಡಿ.

ಪಟ್ಟಿ, ತೂಕ, ಫೋಟೊ

ಎಲ್ಲ ಬಿಟ್ಟು ಒಂದೇ ಕೆಲಸ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ. ಬಿಳಿ ಪಂಚೆಯ ಮೇಲೆ ಒಂದೊಂದೇ ಒಡವೆ ಇಟ್ಟು, ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು, ಮುಂದೆ ಹಿಂದೆ ಎರಡೂ ಬದಿಯ ಫೋಟೊ ತೆಗೆಯಿರಿ. ಕೊಂಡಿಯ ಹತ್ತಿರ ಬೆಸುಗೆ ಹಾಕಿಸಿದ ಗುರುತು, ಬಿದ್ದುಹೋದ ಒಂದು ಕೆಂಪು ಕಲ್ಲು, ಡಾಬಿನ ಒಳಬದಿಯಲ್ಲಿ ಕೊರೆಸಿದ ಹೆಸರು, ಇವುಗಳನ್ನು ಹತ್ತಿರದಿಂದ ತೆಗೆಯಿರಿ. ಅಂಗಡಿಯಲ್ಲಿ ಒಂದೇ ಅಚ್ಚಿನ ಎಷ್ಟೋ ಸರಗಳು ಮಾರಾಟವಾಗಿರುತ್ತವೆ. ಪೊಲೀಸರ ಮೇಜಿನ ಮೇಲೆ "ಇದೇ ನಮ್ಮದು" ಎಂದು ಹೇಳಲು ನೆರವಾಗುವುದು ಆ ಊನಗಳೇ.

ಹಾಲ್‌ಮಾರ್ಕ್ ಇರುವ ಹೊಸ ಒಡವೆಗಳ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರುತ್ತದೆ. 2023ರ ಏಪ್ರಿಲ್ 1ರ ನಂತರ ಹಾಲ್‌ಮಾರ್ಕ್ ಒಡವೆಗಳನ್ನು ಈ ಸಂಖ್ಯೆ ಇಲ್ಲದೆ ಮಾರುವಂತಿಲ್ಲ. ಒಂದೊಂದು ಒಡವೆಗೂ ಬೇರೆ ಬೇರೆ ಸಂಖ್ಯೆ. ಭೂತಗನ್ನಡಿ ಹಿಡಿದು ಓದಿ ಪಟ್ಟಿಯಲ್ಲಿ ಬರೆದುಕೊಳ್ಳಿ, ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಸರಿಯಿದೆಯೇ ನೋಡಿ. ಆ ಆ್ಯಪ್ ಮಾಲೀಕರ ಹೆಸರು ಹೇಳುವುದಿಲ್ಲ, ಒಡವೆಯ ಶುದ್ಧತೆ, ಆಭರಣ ಅಂಗಡಿಯ ನೋಂದಣಿ ಮುಂತಾದ ವಿವರವನ್ನಷ್ಟೇ ಹೇಳುತ್ತದೆ. ಬಿಲ್ಲಿನ ಜೊತೆ ಇಟ್ಟಾಗಲೇ ಅದಕ್ಕೆ ಬಲ. ಅಜ್ಜಿಯ ಕಾಲದ ಕಾಸಿನ ಸರ, ಬೆಂಡೋಲೆಗೆ ಬಿಲ್ಲೂ ಇಲ್ಲ, ಸಂಖ್ಯೆಯೂ ಇಲ್ಲ. ಅವನ್ನು ಪರಿಚಯದ ಅಂಗಡಿಯಲ್ಲಿ ತೂಗಿಸಿ, ಬೆಲೆಕಟ್ಟಿದ ಪತ್ರ ಪಡೆಯಿರಿ. ಹಳೆಯ ಮದುವೆಯ ಆಲ್ಬಮ್ಮಿನಲ್ಲಿ ಅಜ್ಜಿ ಅದನ್ನೇ ಹಾಕಿಕೊಂಡ ಫೋಟೊ ಇದ್ದರೆ ಅದನ್ನೂ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ.

ಪಟ್ಟಿಯ ಒಂದು ಪ್ರತಿ ಒಡವೆ ಒಯ್ಯುವವರ ಬಳಿ, ಇನ್ನೊಂದು ಪ್ರಯಾಣ ಮಾಡದೆ ಮನೆಯಲ್ಲುಳಿಯುವವರ ಬಳಿ. ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ ಬೇಡ. ಅಲ್ಲಿರುವ ಅರ್ಧ ಜನ ಅದನ್ನು ಇನ್ನೊಂದು ಗುಂಪಿಗೆ ದಾಟಿಸುತ್ತಾರೆ. "ಊರಿಗೆ ಹೊರಟೆವು" ಎಂದು ರೈಲಿನಿಂದ ಸ್ಟೇಟಸ್ ಹಾಕುವುದೂ ಹಾಗೆಯೇ. ಮನೆ ಖಾಲಿ ಇದೆ, ಒಡವೆ ದಾರಿಯಲ್ಲಿದೆ ಎಂಬ ಎರಡು ಸುದ್ದಿ ಒಟ್ಟಿಗೆ ಹೋಗುತ್ತದೆ.

ವಿಮೆಯ ಮಾತು ಇಲ್ಲಿಯೇ ಮುಗಿಸೋಣ. ಮನೆ ವಿಮೆಯಲ್ಲಿ ಒಡವೆ ತಾನಾಗಿಯೇ ಸೇರಿರುವುದಿಲ್ಲ, ಹೆಚ್ಚುವರಿಯಾಗಿ ಸೇರಿಸಿಕೊಳ್ಳಬೇಕು. ಸೇರಿಸಿದರೂ ಅದು ಮನೆಯೊಳಗಿನ ಕಳವಿಗೆ ಮಾತ್ರವೇ, ದಾರಿಯಲ್ಲಿ ಹೋದರೂ ಸಿಗುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಯಾರೂ ಇಲ್ಲದ ಕಾರಿನಿಂದ ಕದ್ದದ್ದಕ್ಕೆ ಪರಿಹಾರವಿಲ್ಲ ಎಂಬ ಸಾಲು ಇದೆಯೇ ಎಂದೂ ಹುಡುಕಿ.

ಕಟ್ಟುವ ಬಗೆ

ಅಂಗಡಿಯವರು ಕೊಟ್ಟ ಕೆಂಪು ಮಖಮಲ್ಲಿನ ಡಬ್ಬಿ ಮನೆಯಲ್ಲಿರಲಿ. ಜಾಗ ತಿನ್ನುತ್ತದೆ, ಒಳಗೇನಿದೆ ಎಂದು ಹೊರಗಿನಿಂದಲೇ ಸಾರುತ್ತದೆ. ಹಳೆಯ ಹತ್ತಿ ಸೀರೆಯ ತುಂಡುಗಳೇ ಇದಕ್ಕೆ ಸರಿ. ಪ್ರತಿ ಸರದ ಕೊಂಡಿ ಹಾಕಿ, ಬೇರೆ ಬೇರೆ ತುಂಡಿನಲ್ಲಿ ಸುತ್ತಿ. ತೆಳು ಸರವಾದರೆ ಜ್ಯೂಸ್ ಕುಡಿಯುವ ಸ್ಟ್ರಾ ಒಳಗೆ ತೂರಿಸಿ ಕೊಂಡಿ ಹಾಕಿದರೆ ಸಿಕ್ಕು ಬೀಳುವುದಿಲ್ಲ. ಓಲೆಯ ಕಡ್ಡಿಯನ್ನು ಅಂಗಿಯ ಗುಂಡಿಯ ತೂತಿನಲ್ಲಿ ತೂರಿಸಿ ತಿರುಪು ಹಾಕಿ, ಜೋಡಿ ಬೇರೆಯಾಗುವುದಿಲ್ಲ. ಬಳೆಗಳ ಒಳಗಿಂದ ಕರವಸ್ತ್ರ ಹಾಯಿಸಿ ಗಂಟು ಹಾಕಿ. ಮುತ್ತು, ಹವಳ, ಕೆಂಪಿನ ಒಡವೆಗಳನ್ನು ಬೆವರು, ಸೆಂಟು ಒರೆಸದೆ ಕಟ್ಟಬೇಡಿ.

ಕಾಗದದಲ್ಲಿ ಮಾತ್ರ ಸುತ್ತಬೇಡಿ. ಮೂಗುಬೊಟ್ಟು, ಚಿಕ್ಕ ಉಂಗುರ ಟಿಶ್ಯೂ ಕಾಗದದಲ್ಲಿದ್ದರೆ ಛತ್ರದ ಕಸದ ಜೊತೆ ಗುಡಿಸಿಹೋಗುತ್ತದೆ. ಅದಕ್ಕೆ ಕಳ್ಳನೇ ಬೇಕಾಗಿಲ್ಲ.

ಈ ಪೊಟ್ಟಣಗಳೆಲ್ಲ ಎಲ್ಲಿ ಹೋಗಬೇಕು? ಮೈಮೇಲೆ. ಅಜ್ಜಿಯರು ಎಲೆಯಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಜಾಗಕ್ಕಿಂತ ಒಳ್ಳೆಯ ಜಾಗವಿಲ್ಲ. ಒಳಲಂಗಕ್ಕೆ ಒಳಬದಿಯಿಂದ ಜಿಪ್ ಇರುವ ಜೇಬು ಹೊಲಿಸಿ. ಚೂಡಿದಾರ್ ಹಾಕುವವರು ಬಟ್ಟೆಯೊಳಗೆ ಕಟ್ಟುವ ಅಗಲ ಪಟ್ಟಿಯ ಚೀಲ ಹೊಲಿಸಿಕೊಳ್ಳಬಹುದು, ಗಂಡಸರಿಗೂ ಅದೇ. ಹಿಡಿಸದಷ್ಟಿದ್ದರೆ ಮಾತ್ರ ಎದೆಗೆ ಅಡ್ಡವಾಗಿ ಹಾಕುವ ಚಿಕ್ಕ ಚೀಲ. ತಲೆಯ ಮೇಲಿಂದ ದಾಟಿಸಿ ಹಾಕಿ, ಒಂದೇ ಭುಜಕ್ಕೆ ಜೋತುಬಿಡಬೇಡಿ. ಟ್ರಾಲಿ ಸೂಟ್‌ಕೇಸಿನ ಸೀರೆಗಳ ಮಡಿಕೆಯಲ್ಲಿ ಅಡಗಿಸುವುದು ಬಹಳ ಮನೆಗಳ ಅಭ್ಯಾಸ. ಸೀರೆ ಮಡಿಕೆಯಲ್ಲಿ ನೋಡಬೇಕೆಂಬುದು ಕಳ್ಳರಿಗೂ ಗೊತ್ತು.

ಯಾರ ಕೈಯಲ್ಲಿ?

ಒಬ್ಬರ ಕೈಯಲ್ಲಿ. ಹೆಚ್ಚೆಂದರೆ ಇಬ್ಬರು. "ಸ್ವಲ್ಪ ನಿನ್ನ ಬಳಿ, ಸ್ವಲ್ಪ ಚಿಕ್ಕಮ್ಮನ ಬಳಿ, ಉಳಿದದ್ದು ಅತ್ತಿಗೆ ಬಳಿ" ಎಂದು ಐದು ಕಡೆ ಹಂಚಿದರೆ ಯಾವುದು ಯಾರ ಬಳಿ ಎಂದು ಯಾರಿಗೂ ನೆನಪಿರುವುದಿಲ್ಲ. ಮದುಮಗಳ ತಾಯಿಗೆ ಈ ಹೊಣೆ ಬೇಡ ಎಂದು ನಾನು ಹಟ ಹಿಡಿದು ಹೇಳುತ್ತೇನೆ. ಛತ್ರದಲ್ಲಿ ಅವರನ್ನು ನಿಮಿಷಕ್ಕೊಬ್ಬರು ಕರೆಯುತ್ತಾರೆ. ಶಾಸ್ತ್ರಗಳಲ್ಲಿ ಕೆಲಸವಿಲ್ಲದ, ಸ್ವಲ್ಪ ಮುಂಗೋಪಿಯಾದ ಸೋದರತ್ತೆಯೋ ದೊಡ್ಡಮ್ಮನೋ ಇದ್ದರೆ ಅವರೇ ಸರಿ. ಒಡವೆ ಕೊಟ್ಟಾಗ, ಪಡೆದಾಗ ಪಟ್ಟಿಯಲ್ಲಿ ಗುರುತು ಹಾಕುವ ಕೆಲಸವೂ ಅವರದೇ.

ಬಸ್ಸು

ಹತ್ತುವ ನೂಕಾಟದಲ್ಲಿ ವ್ಯಾನಿಟಿ ಬ್ಯಾಗಿನ ಜಿಪ್ ತೆರೆಯುವುದಕ್ಕೆ ಕ್ಷಣ ಸಾಕು. ಮುಂದೆ ಒಬ್ಬರು ಬೇಕೆಂದೇ ಮೆಟ್ಟಿಲ ಮೇಲೆ ನಿಲ್ಲುತ್ತಾರೆ, ಹಿಂದಿನವರು ಒತ್ತುತ್ತಾರೆ, ಪಕ್ಕದವರ ಕೈ ಕೆಲಸ ಮಾಡುತ್ತದೆ. ಒಡವೆ ಜೊತೆಗಿದ್ದ ದಿನ ಮುಂಗಡ ಕಾಯ್ದಿರಿಸಿದ ಬಸ್ಸಿನಲ್ಲೇ ಹೋಗಿ, ಎಲ್ಲರೂ ಹತ್ತಿದ ಮೇಲೆ ಹತ್ತಿ. ಸಾಮಾನ್ಯ ಬಸ್ಸೇ ಆದರೆ ತುಂಬಿದ್ದನ್ನು ಬಿಟ್ಟು ಮುಂದಿನದಕ್ಕೆ ಕಾಯಿರಿ. ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ಟನ್ನೂ ಎಸೆಯಬೇಡಿ. ದೂರು ಕೊಡಬೇಕಾಗಿ ಬಂದರೆ ಯಾವ ಬಸ್ಸು, ಯಾವ ಹೊತ್ತು ಎಂಬುದಕ್ಕೆ ನಿಮ್ಮ ಬಳಿ ಇರುವ ದಾಖಲೆ ಅದೇ.

ರಾತ್ರಿಯ ಖಾಸಗಿ ಸ್ಲೀಪರ್ ಬಸ್ಸುಗಳಲ್ಲಿ ಡಿಕ್ಕಿಗೆ ಹೋದ ಚೀಲ ನಿಮ್ಮ ಕಣ್ಣಿಗೆ ಮತ್ತೆ ಬೀಳುವುದು ಇಳಿದ ಮೇಲೆಯೇ. ನಡುವೆ ಎಷ್ಟು ನಿಲ್ದಾಣದಲ್ಲಿ ಅದರ ಬಾಗಿಲು ತೆರೆಯಿತೋ ಯಾರು ನೋಡಿದ್ದಾರೆ? ಊಟಕ್ಕೆ ನಿಲ್ಲಿಸಿದಾಗ ಚಾದರದಡಿ ಚೀಲ ಮುಚ್ಚಿಟ್ಟು ಇಳಿಯುವವರಿದ್ದಾರೆ. ಇಳಿದರೆ ಒಡವೆಯ ಜೊತೆ ಇಳಿಯಿರಿ, ಶೌಚಾಲಯಕ್ಕೂ ಅದರ ಜೊತೆಯೇ.

ರೈಲು

ಸಾಧ್ಯವಿದ್ದರೆ ಮೇಲಿನ ಬರ್ತು ಪಡೆಯಿರಿ. ಓಡಾಡುವವರ ಕೈಗೆ ಸುಲಭವಾಗಿ ಎಟಕುವುದು ಬಾಗಿಲ ಬಳಿಯ ಪಕ್ಕದ ಕೆಳ ಬರ್ತು. ಎಸಿ ಇಲ್ಲದ ಬೋಗಿಯಲ್ಲಿ ಕಿಟಕಿಗೆ ತಲೆ ಇಟ್ಟು ಮಲಗಬೇಡಿ. ಸಿಗ್ನಲ್ಲಿನಲ್ಲಿ ನಿಂತಾಗ, ನಿಲ್ದಾಣದಿಂದ ರೈಲು ನಿಧಾನಕ್ಕೆ ಹೊರಡುವಾಗ ಹೊರಗಿನಿಂದ ಕೈ ಹಾಕಿ ಸರ ಎಳೆಯುತ್ತಾರೆ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದವರು ಶಾಲು ಹೊದ್ದು ಸೇಫ್ಟಿ ಪಿನ್ ಹಾಕಿಕೊಳ್ಳಲಿ. ಬಟ್ಟೆಯ ಸೂಟ್‌ಕೇಸನ್ನು ಕೆಳ ಬರ್ತಿನ ಅಡಿಯಲ್ಲಿರುವ ಲೋಹದ ಬಳೆಗೆ ಸರಪಳಿ ಹಾಕಿ ಬೀಗ ಹಾಕಿ. ಅದು ಬಟ್ಟೆಗೆ. ಒಡವೆ ಮೈಮೇಲೆ, ನಿಮ್ಮ ಮತ್ತು ಗೋಡೆಯ ನಡುವೆ. ಅಪರಿಚಿತರ ಬಿಸ್ಕತ್ತು, ಚಹಾ ಬೇಡ ಎನ್ನುವುದು ಒರಟುತನ ಅನ್ನಿಸಿದರೆ ಇವತ್ತು ಉಪವಾಸ ಎಂದುಬಿಡಿ. ನಮ್ಮಲ್ಲಿ ಆ ಮಾತಿಗೆ ಮರುಪ್ರಶ್ನೆಯಿಲ್ಲ.

ರೈಲ್ವೆ ಹೇಗೂ ಹೊಣೆ ಹೊರುತ್ತದೆ ಎಂಬ ನಂಬಿಕೆ ಬಿಟ್ಟುಬಿಡಿ. 1989ರ ರೈಲ್ವೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಪ್ರಯಾಣಿಕರು ತಾವೇ ಒಯ್ಯುವ ಸಾಮಾನು ಕಳೆದರೆ, ರೈಲ್ವೆ ನೌಕರರ ನಿರ್ಲಕ್ಷ್ಯವೋ ದುರ್ನಡತೆಯೋ ಕಾರಣ ಎಂದು ಸಾಬೀತಾಗದ ಹೊರತು ರೈಲ್ವೆ ಜವಾಬ್ದಾರಿಯಲ್ಲ. ಸೊಂಟದ ಬೆಲ್ಟಿನಲ್ಲಿದ್ದ 1 ಲಕ್ಷ ರೂಪಾಯಿ ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ಗ್ರಾಹಕ ವೇದಿಕೆಗಳು ಪರಿಹಾರ ಕೊಡಿಸಿದ್ದವು. 2023ರ ಜೂನಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದುಮಾಡಿ, ಇದು ರೈಲ್ವೆಯ ಸೇವಾಲೋಪವಲ್ಲ ಎಂದಿತು.

ಸ್ವಂತ ಕಾರು, ವಿಮಾನ

ಕಾರಿನಲ್ಲಿ ಹೋದರೆ ಹೋಟೆಲಿನ ಮುಂದೆ ನಿಲ್ಲಿಸಿ ಡಿಕ್ಕಿ ತೆಗೆದು ಚೀಲ ಅಡಗಿಸಬೇಡಿ, ಹಾಗೆ ಮಾಡುವುದನ್ನೇ ಯಾರಾದರೂ ನೋಡುತ್ತಿರುತ್ತಾರೆ. "ಟಯರ್ ಪಂಕ್ಚರ್", "ಆಯಿಲ್ ಸೋರ್ತಿದೆ" ಎಂದು ಸನ್ನೆ ಮಾಡಿದವರಿಗೆ ನಿಲ್ಲಿಸದೆ, ಜನವಿರುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ನೋಡಿ.

ವಿಮಾನದಲ್ಲಿ ಒಡವೆ ಚೆಕ್-ಇನ್ ಸಾಮಾನಿಗೆ ಹೋಗಲೇಬಾರದು. ಆದರೆ ಜನ ಮರೆಯುವುದು ಇನ್ನೊಂದನ್ನು. ವಿಮಾನ ತುಂಬಿದ್ದರೆ ಬಾಗಿಲಲ್ಲೇ ನಿಮ್ಮ ಕೈಚೀಲ ಪಡೆದು ಕೆಳಗಿನ ಗೂಡಿಗೆ ಕಳುಹಿಸುತ್ತಾರೆ. ಕೊಡುವ ಮೊದಲು ಒಡವೆ ಪೊಟ್ಟಣ ತೆಗೆದುಕೊಳ್ಳಿ. ಭದ್ರತಾ ತಪಾಸಣೆಯಲ್ಲಿ ಒಡವೆಯನ್ನು ಬಿಡಿಯಾಗಿ ಟ್ರೇಯಲ್ಲಿ ಹಾಕದೆ ಚೀಲದೊಳಗೇ ಇಡಿ. ನೀವು ಲೋಹಶೋಧಕ ಚೌಕಟ್ಟು ದಾಟುವ ಸರದಿ ಬರುವವರೆಗೆ ಟ್ರೇ ಒಳಗೆ ತಳ್ಳಬೇಡಿ. ಚೀಲ ಬಿಚ್ಚಿ ತೋರಿಸಬೇಕೆಂದರೆ ಮರೆಯಲ್ಲಿ ತೋರಿಸುತ್ತೇವೆ ಎಂದು ಕೇಳಬಹುದು.

ದುಬೈ, ಮಸ್ಕತ್ತು, ಅಮೆರಿಕದಿಂದ ಮದುವೆಗೆ ಬರುವವರಿಗೆ ಒಂದು ಮಾತು. ವಿದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ವಾಸವಿದ್ದು ಬರುವ ಮಹಿಳೆಗೆ 40 ಗ್ರಾಂ, ಪುರುಷರಿಗೆ 20 ಗ್ರಾಂ ಒಡವೆಗೆ ಸುಂಕ ವಿನಾಯಿತಿ ಇದೆ. ಗಟ್ಟಿ, ನಾಣ್ಯ ಅದರಲ್ಲಿ ಸೇರುವುದಿಲ್ಲ. ಇಲ್ಲಿಂದ ಒಡವೆ ಹಾಕಿಕೊಂಡು ಹೋಗಿ ಮತ್ತೆ ತರುವವರು, ಹೊರಡುವ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಬಿಲ್ಲು ತೋರಿಸಿ ರಫ್ತು ಪ್ರಮಾಣಪತ್ರ ಪಡೆಯಿರಿ. ಮರಳುವಾಗ ಇದು ಇಲ್ಲಿಂದಲೇ ಹೋದ ಚಿನ್ನ ಎನ್ನಲು ಅದೇ ಆಧಾರ. ಅದಕ್ಕೆ ಹೊತ್ತು ಹಿಡಿಯುತ್ತದೆ, ಬೇಗ ಹೋಗಿ.

ಚುನಾವಣೆಯ ಕಾಲದ ಮದುವೆ

ನೀತಿ ಸಂಹಿತೆ ಜಾರಿಯಲ್ಲಿದ್ದರೆ ಚೆಕ್‌ಪೋಸ್ಟಿನಲ್ಲಿ ನಗದು, ಒಡವೆಗೆ ಲೆಕ್ಕ ಕೇಳುತ್ತಾರೆ. ಬಿಲ್ಲು, ಪಟ್ಟಿ, ಲಗ್ನಪತ್ರಿಕೆ ಒಟ್ಟಿಗಿರಲಿ. ವಶಪಡಿಸಿಕೊಂಡರೆ ವಿವರವಾದ ರಸೀದಿ ಪಡೆಯಿರಿ. ಬಿಡಿಸಿಕೊಳ್ಳಲು ಅಹವಾಲು ಆಲಿಸುವ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇರುತ್ತದೆ.

ನಕಲಿ ಪೊಲೀಸ್

ಹಿರಿಯರನ್ನು ಹತ್ತಿರ ಕೂರಿಸಿಕೊಂಡು ಇದನ್ನು ಓದಿ ಹೇಳಿ. ಊರಿಗೆ ಹೊಸಬರಾದ ವಯಸ್ಸಾದ ಹೆಂಗಸೊಬ್ಬರು ನಿಲ್ದಾಣದಿಂದ ಇಳಿದು ನಡೆಯುತ್ತಿರುತ್ತಾರೆ. ಸಫಾರಿ ತೊಟ್ಟವನು ಅಡ್ಡ ಬಂದು, "ಅಮ್ಮಾ, ಮುಂದೆ ಕಳ್ಳತನ ಆಗಿದೆ, ನಾವು ಪೊಲೀಸ್. ಇಷ್ಟೆಲ್ಲ ಹಾಕ್ಕೊಂಡು ಓಡಾಡಬಾರದು, ಬಿಚ್ಚಿ ಕಟ್ಟಿಟ್ಟುಕೊಳ್ಳಿ" ಎನ್ನುತ್ತಾನೆ. ಆಗಲೇ ಇನ್ನೊಬ್ಬ ದಾರಿಹೋಕ ಬರುತ್ತಾನೆ. ಅವನನ್ನೂ ಗದರಿಸುತ್ತಾನೆ. ಅವನು ವಿಧೇಯನಾಗಿ ತನ್ನ ಸರ ಬಿಚ್ಚಿ ಕೊಡುತ್ತಾನೆ, "ಪೊಲೀಸ್" ಕಾಗದದಲ್ಲಿ ಸುತ್ತಿ ಹಿಂದಿರುಗಿಸುತ್ತಾನೆ. ಅದನ್ನು ನೋಡಿ ಅಮ್ಮನೂ ಕೊಡುತ್ತಾರೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಕಲ್ಲು. ದಾರಿಹೋಕನೂ ಅವನ ಕಡೆಯವನೇ.

ಈ ಆಟ ನಡೆಯುವುದು ಭಯದಿಂದಲ್ಲ, ಕಾಳಜಿಯ ದನಿಯಿಂದ. ಆದ್ದರಿಂದ "ಹೆದರಬೇಡಿ" ಎಂದು ಹೇಳಿಕೊಟ್ಟರೆ ಪ್ರಯೋಜನವಿಲ್ಲ. ನಡುರಸ್ತೆಯಲ್ಲಿ ಒಡವೆ ಬಿಚ್ಚಿಸಿ ಕಟ್ಟಿಕೊಡುವುದು ಪೊಲೀಸರ ಕೆಲಸವೇ ಅಲ್ಲ ಎಂದು ಹೇಳಿ. ಒಂದೇ ವಾಕ್ಯ ಬಾಯಿಪಾಠ ಮಾಡಿಸಿ: "ಆಯ್ತಪ್ಪ, ಸ್ಟೇಷನ್ನಿಗೆ ಹೋಗಿ ಬಿಚ್ಚುತ್ತೇನೆ." ಹೀಗೆ ಹೇಳಿ ಹತ್ತಿರದ ಅಂಗಡಿಯೊಳಗೆ ಹೋಗಿ 112ಕ್ಕೆ ಕರೆ ಮಾಡಲಿ.

ಛತ್ರದಲ್ಲಿ

ಹೆಣ್ಣಿನ ಕಡೆಯವರು ಗಂಡಿನ ಕಡೆಯವರೆಂದೂ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದೂ ತಿಳಿಯುವ ಒಬ್ಬರು ಪ್ರತಿ ಮದುವೆಯಲ್ಲೂ ಇರುತ್ತಾರೆ. ಒಳ್ಳೆಯ ಸೀರೆ, ನಗುಮುಖ, ಕೈಯಲ್ಲಿ ಅಕ್ಷತೆ. ಮದುಮಗಳ ಕೋಣೆಗೆ ಅವರು ಹೋದರೂ ಯಾರೂ ಕೇಳುವುದಿಲ್ಲ, ಏಕೆಂದರೆ ಕೇಳಿದರೆ ಬೀಗರಿಗೆ ಅವಮಾನವಾದೀತು.

ಆದ್ದರಿಂದ ಕೋಣೆಗೆ ನಿಮ್ಮದೇ ಬೀಗ ಹಾಕಿ, ಛತ್ರದ ಬೀಗಕ್ಕೆ ಎಷ್ಟು ಕೈಗಳಲ್ಲಿ ಎಷ್ಟು ಕೀಲಿ ಇದೆಯೋ ಗೊತ್ತಿರುವುದಿಲ್ಲ. ಒಳಗಿಂದ ಮಾತ್ರ ಚಿಲಕವಿದ್ದರೆ ಒಬ್ಬರು ಕೂತೇ ಇರಬೇಕು. ಮುಹೂರ್ತದ ಹೊತ್ತೇ ಅಪಾಯದ ಹೊತ್ತು: ಗಟ್ಟಿಮೇಳ ಶುರುವಾದರೆ ಕೋಣೆಯಲ್ಲಿದ್ದವರೂ ಅಕ್ಷತೆ ಹಾಕಲು ಓಡುತ್ತಾರೆ. ಆಗ ಯಾರು ಕೋಣೆಯಲ್ಲಿ ಉಳಿಯುವುದು ಎಂದು ಹಿಂದಿನ ರಾತ್ರಿಯೇ ತೀರ್ಮಾನಿಸಿ. ಸೀರೆ ಬದಲಿಸುವಾಗ ಬಿಚ್ಚಿದ ಒಡವೆ ಕನ್ನಡಿಯ ಮುಂದೆ ಇಡಬಾರದು, ಬಿಚ್ಚಿದ ಕೈಯಿಂದ ನೇರ ಸೋದರತ್ತೆಯ ಚೀಲಕ್ಕೆ ಹೋಗಬೇಕು. ಜಡೆ ಬಿಲ್ಲೆಯನ್ನು ಮೊಗ್ಗಿನ ಜಡೆಯ ಜೊತೆಗೇ ಬಿಚ್ಚಿ ಮೂಲೆಗೆಸೆಯುವುದುಂಟು, ಬಾಡಿದ ಹೂವಿನ ರಾಶಿಯನ್ನು ಒಮ್ಮೆ ಕೈಯಾಡಿಸಿ ನೋಡಿ.

ಲಾಡ್ಜಿನಲ್ಲಿ ಉಳಿದರೆ ಕೋಣೆಯ ಪುಟ್ಟ ತಿಜೋರಿಯನ್ನು ಪೂರ್ತಿ ನಂಬಬೇಡಿ. ಅತಿಥಿಗಳು ಸಂಖ್ಯೆ ಮರೆತರೆ ತೆರೆಯಲು ಹೋಟೆಲಿನವರ ಬಳಿ ಒಂದು ದಾರಿ ಇದ್ದೇ ಇರುತ್ತದೆ. ರಸೀದಿ ಕೊಟ್ಟು ಒಡವೆ ಇಟ್ಟುಕೊಳ್ಳುವ ವ್ಯವಸ್ಥೆ ಕೌಂಟರಿನಲ್ಲಿದ್ದರೆ ಅದು ಮೇಲು.

ಮದುವೆ ಮುಗಿಸಿ ಕುಕ್ಕೆಗೋ ಧರ್ಮಸ್ಥಳಕ್ಕೋ ಹೋಗುವವರು ಕುಮಾರಧಾರೆ, ನೇತ್ರಾವತಿಯಲ್ಲಿ ಇಳಿಯುವ ಮೊದಲು ಉಂಗುರ ತೆಗೆಯಿರಿ. ತಣ್ಣೀರಿನಲ್ಲಿ ಬೆರಳು ಕುಗ್ಗಿ ಸಡಿಲವಾಗಿ ಜಾರುತ್ತದೆ. ದಡದ ಬಟ್ಟೆಗಂಟಿನಲ್ಲಿ ಅಲ್ಲ, ನೀರಿಗಿಳಿಯದೆ ಕೂತವರ ಕೈಯಲ್ಲಿ ಕೊಡಿ.

ಮರಳಿ ಲಾಕರಿಗೆ

ಹೋಗುವಾಗ ಇದ್ದ ಎಚ್ಚರ ಬರುವಾಗ ಅರ್ಧವಾಗಿರುತ್ತದೆ. ನಿದ್ದೆಗೆಟ್ಟ ಮೈ, ಮುಗಿಯಿತೆಂಬ ನಿರಾಳ. ಛತ್ರ ಬಿಡುವ ಮೊದಲೇ ಪಟ್ಟಿ ಹಿಡಿದು ಎಣಿಸಿ, ಮನೆಗೆ ಬಂದ ಮೇಲಲ್ಲ. ಒಂದು ಓಲೆಯ ತಿರುಪು ಕಾಣದಿದ್ದರೂ ಛತ್ರದಲ್ಲಿದ್ದಾಗಲೇ ಹುಡುಕಬಹುದು. ಮದುಮಗಳ ಒಡವೆಯಲ್ಲಿ ಯಾವುದು ಗಂಡನ ಮನೆಗೆ ಹೋಯಿತು ಎಂಬುದೂ ಪಟ್ಟಿಯಲ್ಲಿರಲಿ. ಎಷ್ಟೋ "ಕಳವು" ಬೀಗರ ಮನೆಯ ಬೀರುವಿನಲ್ಲಿ ಸುರಕ್ಷಿತವಾಗಿರುತ್ತದೆ, ನಡುವೆ ಕೆಲಸದವರ ಮೇಲೆ ಅನುಮಾನ ಪಟ್ಟ ಮಾತು ಮಾತ್ರ ಹಿಂದಕ್ಕೆ ಬರುವುದಿಲ್ಲ.

ಕಳೆದೇಹೋದರೆ

ಬಸ್ಸಿನಲ್ಲಿ ತಿಳಿದ ಕೂಡಲೇ ಕಂಡಕ್ಟರಿಗೆ ಹೇಳಿ, ಯಾರೂ ಇಳಿಯುವ ಮೊದಲು ನಿಲ್ಲಿಸಿ ಅಥವಾ ಹತ್ತಿರದ ಠಾಣೆಗೆ ಬಸ್ಸು ಒಯ್ಯಲು ಕೇಳಿ, 112ಕ್ಕೆ ಕರೆ ಮಾಡಿ. ರೈಲಿನಲ್ಲಾದರೆ 139. ದೂರು ಕೊಡಲು ಅಲ್ಲೇ ಇಳಿಯಬೇಕಾಗಿಲ್ಲ. ಟಿಕೆಟ್ ಪರೀಕ್ಷಕರು, ಗಾರ್ಡ್ ಅಥವಾ ಬೆಂಗಾವಲು ಪೊಲೀಸರ ಬಳಿ ದೂರಿನ ನಮೂನೆ ಇರುತ್ತದೆ, ತುಂಬಿ ಕೊಟ್ಟರೆ ಮುಂದಿನ ರೈಲ್ವೆ ಪೊಲೀಸ್ ಠಾಣೆಗೆ ತಲುಪುತ್ತದೆ. "ಇದು ನಮ್ಮ ಸರಹದ್ದಲ್ಲ" ಎಂದು ಯಾವ ಠಾಣೆಯೂ ದೂರು ತಿರಸ್ಕರಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಅಪರಾಧ ಎಲ್ಲೇ ನಡೆದಿದ್ದರೂ ದೂರು ದಾಖಲಿಸಬೇಕೆನ್ನುತ್ತದೆ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಮೊಬೈಲ್, ದಾಖಲೆಪತ್ರ ಕಳೆದಾಗ ಆನ್‌ಲೈನಿನಲ್ಲಿ ಕೊಡುವ "ಕಳೆದುಹೋಗಿದೆ" ಎಂಬ ವರದಿ ಕಳವಿಗೆ ಸಾಲದು.

ಎಫ್‌ಐಆರ್‌ನಲ್ಲಿ "ಸುಮಾರು ಚಿನ್ನದ ಸರ" ಎಂದು ಬರೆಸಬೇಡಿ. ಪಟ್ಟಿ ನೋಡಿ ಒಂದೊಂದರ ತೂಕ, ಎಚ್‌ಯುಐಡಿ, ಬೆಸುಗೆ ಗುರುತು ಬರೆಸಿ, ಫೋಟೊ ಲಗತ್ತಿಸಿ. ಕಳ್ಳ ಸಿಕ್ಕಿ ಮಾಲು ವಶವಾದರೆ ಅದು ನ್ಯಾಯಾಲಯದ ಆದೇಶದ ಮೇಲೆ ನಿಮ್ಮ ಕೈಗೆ ಬರುತ್ತದೆ. ಪ್ರಕರಣ ಮುಗಿಯುವವರೆಗೆ ಕಾಯಬೇಕಿಲ್ಲ, ಮಧ್ಯಂತರವಾಗಿ ಬಿಡಿಸಿಕೊಳ್ಳಲು ವಕೀಲರ ಮೂಲಕ ಅರ್ಜಿ ಹಾಕಬಹುದು. ಆಗ ಮುಚ್ಚಳಿಕೆ ಬರೆದುಕೊಡಬೇಕು, ಕೇಳಿದಾಗ ಹಾಜರುಪಡಿಸಬೇಕು. ಹಾಗಾಗಿ ಬಿಡಿಸಿಕೊಂಡ ಸರವನ್ನು ಪ್ರಕರಣ ಮುಗಿಯುವ ತನಕ ಮಾರಬೇಡಿ, ಕರಗಿಸಿ ಹೊಸ ಒಡವೆ ಮಾಡಿಸಲೂ ಬೇಡಿ.